ಬಿದ್ದವನು ಮನೆಗೆ

ಚೀಟಿ ಎತ್ತಿದ ಕೈ ನನ್ನದು. ಆದುದರಿಂದ ಈ ವಿಷಯದಲ್ಲಿ ನನ್ನನ್ನು ನಿಷ್ಪಕ್ಷಪಾತಿಯೆಂದು ಯಾರೂ ತಿಳಿಯಬೇಕಾಗಿಲ್ಲ.

ಸೂಳೆಕೆರೆಯ ನೀರು ಉಣ್ಣುವ ಹಳ್ಳಿಗಳಲ್ಲಿ ನಮ್ಮದೂ ಒಂದು. ಹೆಸರು ಹೇಳಲು ಸಂಕೋಚಪಡುವ ನಗರದ ಸ್ನೇಹಿತರು ಕೆರೆಯನ್ನು ಶಾಂತಿಸಾಗರವೆನ್ನುತ್ತಾರೆ; ನಮಗೆ ಅದು ಸೂಳೆಕೆರೆಯೇ. ಜಾತ್ರೆಗೆಂದು ವರ್ಷಕ್ಕೊಮ್ಮೆ ನಾನು ದಾವಣಗೆರೆಯಿಂದ ಅಲ್ಲಿಗೆ ಹೋಗುವುದುಂಟು. ಭತ್ತ ಕೊಯ್ದು ಬಯಲಾದ ಗದ್ದೆಯಲ್ಲಿ ಕೆಮ್ಮಣ್ಣು ಹಾಕಿ, ನಾಲ್ಕು ಮೂಲೆಗೆ ಗಳು ನೆಟ್ಟು, ಹಗ್ಗ ಬಿಗಿದು ಕುಸ್ತಿಯ ಕಣ ಮಾಡಿರುತ್ತಾರೆ. ಮೊದಲು ಅಲ್ಲಿ ನಡೆಯುತ್ತಿದ್ದುದು ಜೋಡಿ ಕಟ್ಟಿ ಆಡಿಸುವ ಹಳೆಯ ಬಯಲು ಕುಸ್ತಿ. ಈಚೆಗೆ ಮರಿ ಪೈಲ್ವಾನರಿಗೆ ಮಾತ್ರ, ಅಂದರೆ ಹದಿನೇಳು ವರ್ಷದೊಳಗಿನ ಹುಡುಗರಿಗೆ, ತೂಕವಾರು ಪಾಯಿಂಟ್ ಕುಸ್ತಿ. ಅದೂ ನಾಕೌಟ್ ಪದ್ಧತಿಯಲ್ಲಿ. ಹಿಂದಿನ ಸಲ ಚೀಟಿ ಎತ್ತಲು ನನ್ನನ್ನು ಕರೆದರು. ಕನ್ನಡಕ ಹಾಕಿದ, ಯಾವ ಗರಡಿಗೂ ಸೇರದ, ಊರಿನಲ್ಲಿ ಈಗ ಹೊಲಮನೆಯಿಲ್ಲದ ಮನುಷ್ಯ. ಇಂಥವನು ಮೋಸ ಮಾಡಲಾರನೆಂದು ಅವರ ಲೆಕ್ಕ. ಒಂದು ಸ್ಟೀಲಿನ ಚೊಂಬಿನೊಳಗೆ ಕೈಯಿಟ್ಟು ಎರಡೆರಡಾಗಿ ಚೀಟಿ ತೆಗೆದೆ. ಮೈಕಿನವನು ಓದಿದ.

ಒಂದು ತೂಕದಲ್ಲಿ ಎಂಟು ಮಂದಿ ಹುಡುಗರಿದ್ದರು. ಅವರಲ್ಲಿ ಇಬ್ಬರು ಉಳಿದವರಿಗಿಂತ ಬಹಳ ಮೇಲು ಎಂಬುದು ಕಣದ ಸುತ್ತ ಕುಳಿತವರಿಗೆಲ್ಲ ಗೊತ್ತು. ಒಬ್ಬ ಪಕ್ಕದ ತಾಲ್ಲೂಕಿನವನು. ಇನ್ನೊಬ್ಬ ನಮ್ಮ ಹಳ್ಳಿಯವನೇ; ತಂದೆ ಅಡಿಕೆ ಸುಲಿಯುವ ಕೂಲಿಗೆ ಹೋಗುವವರು. ನಾನು ಎತ್ತಿದ ಮೊದಲನೆಯ ಚೀಟಿ ಒಬ್ಬನದು, ಎರಡನೆಯದು ಇನ್ನೊಬ್ಬನದು. ಸುತ್ತಲಿದ್ದವರು 'ಅಯ್ಯೋ' ಎಂದರು. ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ಒಳ್ಳೆಯ ಕುಸ್ತಿ ಬೇಗ ನೋಡಸಿಗುತ್ತದಲ್ಲ!

ಆ ಕುಸ್ತಿ ನಿಜಕ್ಕೂ ಒಳ್ಳೆಯದಾಯಿತು. ನಮ್ಮ ಹುಡುಗ ನಾಲ್ಕು ಅಂಕ ತೆಗೆದ, ಅವನು ಐದು. ಕಡೆಯ ಅಂಕ ಹೋದದ್ದು ಶಿಳ್ಳೆ ಊದುವುದಕ್ಕೆ ಸ್ವಲ್ಪವೇ ಮೊದಲು, ಗೆರೆಯಾಚೆ ಒಂದು ಕಾಲು ಜಾರಿದ್ದಕ್ಕೆ. ಸಂಜೆಯ ಹೊತ್ತಿಗೆ ಅದೇ ಪಕ್ಕದ ತಾಲ್ಲೂಕಿನವನು ಫೈನಲಿನಲ್ಲಿ ತನ್ನೆದುರಿನ ಹುಡುಗನನ್ನು ಒಂದು ನಿಮಿಷ ತುಂಬುವುದರೊಳಗೆ ಚಿತ್ ಮಾಡಿ ಬೆಳ್ಳಿ ಕಡಗ ತೆಗೆದುಕೊಂಡ. ಚಿತ್ ಆದವನಿಗೆ ಎರಡನೆಯ ಬಹುಮಾನ. ಐದಕ್ಕೆ ನಾಲ್ಕರವರೆಗೆ ಹೋರಾಡಿದವನು ಬೆಳಗಿನ ಹನ್ನೊಂದು ಗಂಟೆಗೇ ಅಂಗಿ ತೊಟ್ಟು ಹೊರಗೆ ಕುಳಿತಿದ್ದ. ಹೋಗಿ ಮಾತನಾಡಿಸಿದೆ. "ಏನ್ ಮಾಡ್ಲಿ ಸಾರ್, ಚೀಟಿ ಹಂಗ್ ಬಂತು" ಎಂದ. ಎತ್ತಿದವನು ನಾನೆಂಬುದು ಅವನಿಗೆ ಗೊತ್ತಿತ್ತು. ಮರ್ಯಾದೆಯ ಹುಡುಗ, ಚೀಟಿಯದೇ ತಪ್ಪೆಂಬಂತೆ ಹೇಳಿದ.

ದೀಪಾವಳಿಯಾದ ಮೇಲೆ ಅವನು ಗರಡಿಗೆ ಹೋಗುವುದನ್ನು ಬಿಟ್ಟನಂತೆ. ಅದಕ್ಕೆ ಆ ಚೀಟಿಯೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ಹಾಲು, ಬಾದಾಮಿ, ತುಪ್ಪದ ಖರ್ಚು ಅಡಿಕೆ ಸುಲಿಯುವವರ ಮನೆಗೆ ಸಣ್ಣದಲ್ಲ. ಆದರೆ ಆ ಖರ್ಚನ್ನು ಇನ್ನೊಂದು ವರ್ಷ ಹೊರೋಣವೇ ಬೇಡವೇ ಎಂದು ತಂದೆಯೊಬ್ಬರು ಯೋಚಿಸುವಾಗ, ಮಗ ಬಹುಮಾನ ತಂದನೆ, ಎಷ್ಟು ಕುಸ್ತಿ ಆಡಿದ ಎಂದು ಕೇಳುತ್ತಾರೆ. ಒಂದೇ ಕುಸ್ತಿ, ಅದರಲ್ಲಿ ಸೋಲು ಎಂಬುದು ಉತ್ತರವಾದರೆ ಗರಡಿಯ ಉಸ್ತಾದರು ಎಷ್ಟು ಹೊಗಳಿದರೂ ಪ್ರಯೋಜನವಿಲ್ಲ.

ಇದನ್ನೆಲ್ಲ ನನ್ನ ಹಳೆಯ ಸ್ನೇಹಿತರೊಬ್ಬರಿಗೆ ಹೇಳಿದೆ. ಅವರು ನಿವೃತ್ತ ಡ್ರಿಲ್ ಮೇಷ್ಟ್ರು. ಮೂವತ್ತು ವರ್ಷ ಮಕ್ಕಳನ್ನು ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಕರೆದೊಯ್ದವರು. "ನಿಮ್ಮದು ಮೃದು ಮನಸ್ಸು. ಜೀವನವೇ ನಾಕೌಟು. ಸೋತವನಿಗೆ ಎರಡನೆಯ ಅವಕಾಶ ಕೊಟ್ಟರೆ ಛಲ ಹುಟ್ಟುವುದು ಎಲ್ಲಿಂದ?" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಈ ಲೇಖನ ಅವರಿಗೆ ಉತ್ತರ. ಅವರಂತೆ ಯೋಚಿಸುವವರು ನಮ್ಮ ಜಾತ್ರಾ ಸಮಿತಿಗಳಲ್ಲಿ, ಶಾಲೆಗಳಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೂ ಸೇರಿಯೇ ಉತ್ತರ.

ಜೀವನ ನಾಕೌಟು ಎಂಬ ಮಾತು ಕೇಳಲು ಗಟ್ಟಿಯಾಗಿದೆ, ನೋಡಲು ನಿಜವಲ್ಲ. ಒಂದು ಮಳೆ ಕೈಕೊಟ್ಟರೆ ಜಗಳೂರಿನ ರೈತ ಮರುಬಿತ್ತನೆ ಮಾಡುತ್ತಾನೆ. ಅವನಿಗೆ ಛಲವಿಲ್ಲವೆಂದು ಯಾರಾದರೂ ಹೇಳಿಯಾರೇ? 2024ರಲ್ಲಿ ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ನಡೆಸಿದರು. ಮೇಷ್ಟ್ರು ಕ್ಷಮಿಸಬೇಕು, ನಾವಿಬ್ಬರೂ ಆ ಕಾಲದಲ್ಲಿ ಗಣಿತಕ್ಕೆ ಎರಡನೆಯ ಸಲ ಕಟ್ಟಿಯೇ ಪಾಸಾದವರು. ಅದು ನಾಕೌಟ್ ಆಗಿದ್ದರೆ ಅವರು ಮೇಷ್ಟ್ರಾಗುತ್ತಿರಲಿಲ್ಲ, ನಾನು ಈ ಲೇಖನ ಬರೆಯುತ್ತಿರಲಿಲ್ಲ.

ಗಣಿತದ ಮಾತು ಬಂದಿತಲ್ಲ, ಅದನ್ನೇ ಮೊದಲು ನೋಡಿಬಿಡೋಣ. ಆಲಿಸಳ ವಿಚಿತ್ರಲೋಕದ ಕಥೆಯನ್ನು ಮಕ್ಕಳಿಗಾಗಿ ಬರೆದ ಲೂಯಿಸ್ ಕ್ಯಾರಲ್ ಆಕ್ಸ್‌ಫರ್ಡಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಮನುಷ್ಯ; ಚಾರ್ಲ್ಸ್ ಡಾಜ್‌ಸನ್ ಎಂಬುದು ಅವನ ನಿಜವಾದ ಹೆಸರು. 1883ರಲ್ಲಿ ಅವನು ಲಾನ್ ಟೆನಿಸ್ ಪಂದ್ಯಾವಳಿಗಳಲ್ಲಿ ಬಹುಮಾನ ಹಂಚುವ ರೀತಿ ಅನ್ಯಾಯದ್ದೆಂದು ತೋರಿಸಿ ಒಂದು ಚಿಕ್ಕ ಪುಸ್ತಕ ಬರೆದ. ಅವನ ಲೆಕ್ಕ ಸರಳವಾದದ್ದು. ಮೂವತ್ತೆರಡು ಮಂದಿ ಆಟಗಾರರಿದ್ದು, ಚೀಟಿ ಎತ್ತಿ ಜೋಡಿ ಮಾಡಿದರೆ, ಎಲ್ಲರಿಗಿಂತ ಬಲಶಾಲಿ ಗೆಲ್ಲುತ್ತಾನೆ, ಸರಿ. ಅವನ ನಂತರದವನು ಎರಡನೆಯ ಬಹುಮಾನ ಪಡೆಯಬೇಕಾದರೆ ಅವನ ಚೀಟಿ ಪಟ್ಟಿಯ ಇನ್ನೊಂದು ಅರ್ಧದಲ್ಲಿ ಬಿದ್ದಿರಬೇಕು. ಉಳಿದ ಮೂವತ್ತೊಂದು ಸ್ಥಾನಗಳಲ್ಲಿ ಆ ಕಡೆ ಇರುವುದು ಹದಿನಾರು, ಈ ಕಡೆ ಹದಿನೈದು. ಹಾಗಾದರೆ ಎರಡನೆಯ ಶ್ರೇಷ್ಠನಿಗೆ ನ್ಯಾಯ ಸಿಗುವ ಸಂಭವ ಮೂವತ್ತೊಂದರಲ್ಲಿ ಹದಿನಾರು. ರೂಪಾಯಿ ಚಿಮ್ಮಿ ರಾಜನೋ ರಾಣಿಯೋ ಎಂದು ಕೇಳುವುದಕ್ಕಿಂತ ಕೂದಲೆಳೆಯಷ್ಟೇ ಮೇಲು. ನಮ್ಮ ಎಂಟು ಹುಡುಗರ ಪಟ್ಟಿಯಲ್ಲಿ ಅವರಿಬ್ಬರೂ ಮೊದಲ ಸುತ್ತಿನಲ್ಲೇ ಎದುರಾಗುವ ಸಂಭವ ಏಳರಲ್ಲಿ ಒಂದು. ಆ ಒಂದೇ ನನ್ನ ಕೈಗೆ ಬಂದದ್ದು.

ನಾಕೌಟ್ ಪದ್ಧತಿ ಒಬ್ಬನನ್ನು ಹುಡುಕಲು ಯೋಗ್ಯವಾದ ಉಪಾಯ. ಎರಡನೆಯವನನ್ನೂ ಮೂರನೆಯವನನ್ನೂ ಗುರುತಿಸಲು ಅದರಿಂದ ಆಗುವುದಿಲ್ಲ. ರಾಷ್ಟ್ರದ ಪ್ರಶಸ್ತಿಗಾಗಿ ಹೋರಾಡುವ ಪ್ರೌಢ ಪೈಲ್ವಾನರಲ್ಲಿ ಒಬ್ಬನು ಸಿಕ್ಕರೆ ಸಾಕು ಎನ್ನಬಹುದು. ಹದಿನಾರು ವರ್ಷದ ಹುಡುಗರಲ್ಲಿ ನಾವು ಹುಡುಕುತ್ತಿರುವುದು ಒಬ್ಬನನ್ನೇ? ಈ ವರ್ಷ ಮೊದಲನೆಯವನಾದವನು ಮೂರು ವರ್ಷದ ಮೇಲೆ ಮೊದಲನೆಯವನಾಗಿ ಉಳಿದಿರುವುದೇ ಅಪರೂಪ. ಬೇಗ ಮೀಸೆ ಬಂದವನು ಬೇಗ ಗೆಲ್ಲುತ್ತಾನೆ, ಅಷ್ಟೆ.

ಹೀಗೆಂದ ಮಾತ್ರಕ್ಕೆ ಹಳೆಯ ಜೋಡಿ ಪದ್ಧತಿಯೇ ಚೆನ್ನಾಗಿತ್ತು, ಅದಕ್ಕೇ ಹಿಂತಿರುಗೋಣ ಎಂದು ನಾನು ಹಾಡುವವನಲ್ಲ. ಹಾಡುವವರು ಇದ್ದಾರೆ. ಮೈಸೂರಿನ ದಸರಾ ಕುಸ್ತಿಗೆ ಮುಂಚಿತವಾಗಿಯೇ ಪೈಲ್ವಾನರನ್ನು ಕರೆಸಿ, ಮೈಕಟ್ಟು, ತೂಕ, ಅನುಭವ ನೋಡಿ ಹಿರಿಯರು ಜೋಡಿ ಕಟ್ಟುವ ಸಂಪ್ರದಾಯವನ್ನು ಅವರು ಉದಾಹರಿಸುತ್ತಾರೆ. ಅದು ಚೆಲುವಾದ ಸಂಪ್ರದಾಯವೇ. ಮಾರ್ಪಿಟ್ ಕುಸ್ತಿಯಲ್ಲಿ ಸಮಬಲದ ಇಬ್ಬರನ್ನು ಬಿಟ್ಟರೆ ನೋಡುವವನಿಗೆ ಸುಖ, ಆಡುವವನಿಗೆ ಪಾಠ. ಅದೇ ದಸರಾದಲ್ಲಿ ದಸರಾ ಕೇಸರಿ, ದಸರಾ ಕಂಠೀರವ, ದಸರಾ ಕುಮಾರ, ಹೆಣ್ಣುಮಕ್ಕಳಿಗೆ ದಸರಾ ಕಿಶೋರಿ ಎಂಬ ಬಿರುದುಗಳ ಸ್ಪರ್ಧೆಯೂ ಉಂಟು. ಎರಡಕ್ಕೂ ಅಲ್ಲಿ ಜಾಗವಿದೆ.

ಆದರೆ ಹಳ್ಳಿಯಲ್ಲಿ ಜೋಡಿ ಕಟ್ಟುವ ಹಿರಿಯರು ಯಾರು? ನಾನು ಚಿಕ್ಕವನಿದ್ದಾಗ ಕಂಡದ್ದನ್ನು ಮರೆತಿಲ್ಲ. ಊರ ದೊಡ್ಡವರ ಮನೆಯ ಹುಡುಗನಿಗೆ ಪ್ರತಿ ವರ್ಷವೂ ಬೀಳುವುದಕ್ಕೆಂದೇ ಬಂದಂಥ ಎದುರಾಳಿ ಸಿಗುತ್ತಿದ್ದ. ಕೇರಿಯ ಹುಡುಗನೊಬ್ಬನಿಗೆ ಜೋಡಿಯೇ ಸಿಗುತ್ತಿರಲಿಲ್ಲ. "ನಿನ್ನ ತೂಕಕ್ಕೆ ಯಾರೂ ಇಲ್ಲ ತಮ್ಮಾ, ಮುಂದಿನ ವರ್ಷ ನೋಡೋಣ" ಎನ್ನುತ್ತಿದ್ದರು. ತೂಕದ ಮಾತಲ್ಲವೆಂದು ಹೇಳಿದವರಿಗೂ ಕೇಳಿದವನಿಗೂ ತಿಳಿದಿತ್ತು. ಇನ್ನು ಇಬ್ಬರು ಪೈಲ್ವಾನರು ಒಳಗೊಳಗೇ ಮಾತಾಡಿಕೊಂಡು, ಅರ್ಧ ಗಂಟೆ ಕುತ್ತಿಗೆಗೆ ಕೈಹಾಕಿ ತಳ್ಳಾಡಿ, ಸಮ ಮಾಡಿಕೊಂಡು ಇನಾಮು ಹಂಚಿಕೊಂಡ ಕುಸ್ತಿಗಳನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಇದರ ಮುಂದೆ ಚೊಂಬಿನೊಳಗಿನ ಚೀಟಿ ಒಂದು ಕ್ರಾಂತಿಯೇ ಸರಿ. ಚೀಟಿಗೆ ಜಾತಿ ಗೊತ್ತಿಲ್ಲ, ಗೌಡರ ಮನೆ ಗೊತ್ತಿಲ್ಲ. ಹೆಸರು ಬರೆಸಿದವನನ್ನು ಆಡಿಸಲೇಬೇಕು, ಗೆದ್ದವನನ್ನು ಮುಂದಕ್ಕೆ ಬಿಡಲೇಬೇಕು. ಮೇಷ್ಟ್ರ ಪಕ್ಷದಲ್ಲಿ ಇದಕ್ಕಿಂತ ಬಲವಾದ ವಾದವಿಲ್ಲ. ಆಶ್ಚರ್ಯವೆಂದರೆ ಅವರು ಇದನ್ನು ಹೇಳಲೇ ಇಲ್ಲ. ಛಲದ ಮಾತನ್ನೇ ಹಿಡಿದು ಕೂತರು.

ಇನ್ನೊಂದು ಗುಣವನ್ನೂ ಅವರ ಪರವಾಗಿ ನಾನೇ ಹೇಳಿಬಿಡುತ್ತೇನೆ. ಹೆಸರಿಲ್ಲದವನಿಗೆ ನಾಕೌಟ್ ಒಂದೇ ದಿನದಲ್ಲಿ ಹೆಸರು ತರಬಲ್ಲುದು. ವೃತ್ತಿಪರ ಮುಷ್ಟಿಯುದ್ಧದಲ್ಲಿ ಹೊಸಬರನ್ನು ಬೆಳೆಸುವವರು ಎದುರಾಳಿಗಳನ್ನು ಆರಿಸಿ ಆರಿಸಿ ತಂದು, ಸುಲಭವಾದ ಗೆಲವುಗಳ ಪಟ್ಟಿ ಬೆಳೆಸುತ್ತಾರೆ. ನಮ್ಮ ಊರ ಜೋಡಿ ಕಟ್ಟುವವರ ದೊಡ್ಡಣ್ಣಂದಿರು. ಇದಕ್ಕೆ ಪ್ರತಿಯಾಗಿ ಇಂಗ್ಲೆಂಡಿನಲ್ಲಿ 2008ರಲ್ಲಿ 'ಪ್ರೈಜ್‌ಫೈಟರ್' ಎಂಬ ಪಂದ್ಯಾವಳಿ ಆರಂಭವಾಯಿತು. ಎಂಟು ಮಂದಿ, ಒಂದೇ ರಾತ್ರಿ, ಒಂದೊಂದು ಸೆಣಸಿಗೆ ಮೂರು ಸುತ್ತು, ಸೋತವನು ಹೊರಗೆ. ಮೊದಲನೆಯ ಸಲ ಗೆದ್ದವನು ಬೆಲ್‌ಫಾಸ್ಟಿನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ ಮಾರ್ಟಿನ್ ರೋಗನ್. ಅದೇ ವರ್ಷ ಅವನು ಒಲಿಂಪಿಕ್ ಚಿನ್ನ ಗೆದ್ದಿದ್ದ ಆಡ್ಲಿ ಹ್ಯಾರಿಸನ್‌ನನ್ನೂ ಸೋಲಿಸಿದ. ಜೋಡಿ ಕಟ್ಟುವವರ ಕೃಪೆಗೆ ಕಾದಿದ್ದರೆ ಅವನಿಗೆ ಆ ಸಂದರ್ಭ ಬರುತ್ತಿತ್ತೇ ಎಂಬುದು ಸಂಶಯ.

ಅಲ್ಲದೆ ನಾಕೌಟ್ ಎಂಬ ಮಾತು ಹುಟ್ಟಿದ್ದೇ ಮುಷ್ಟಿಯುದ್ಧದ ಕಣದಲ್ಲಿ. ಅಲ್ಲಿ ಅದಕ್ಕೆ ಅರ್ಥವೂ ಇದೆ. ತಲೆಗೆ ಪೆಟ್ಟು ತಿಂದು ಬಿದ್ದವನನ್ನು ಅದೇ ದಿನ ಮತ್ತೆ ಕಣಕ್ಕೆ ಇಳಿಸುವುದು ಕ್ರೌರ್ಯ. ಅಂಥವನನ್ನು ವಾರಗಟ್ಟಲೆ ಸ್ಪರ್ಧೆಯಿಂದ ದೂರವಿಡಬೇಕೆಂದು ನಿಯಮವೇ ಇದೆ. ಒಲಿಂಪಿಕ್ಸಿನ ಮುಷ್ಟಿಯುದ್ಧದಲ್ಲಿ ಸೋತವರನ್ನು ಮತ್ತೆ ಕಾದಿಸುವುದಿಲ್ಲ. ಸೆಮಿಫೈನಲಿನಲ್ಲಿ ಸೋತ ಇಬ್ಬರಿಗೂ ಕಂಚು ಕೊಟ್ಟು ಕಳುಹಿಸುತ್ತಾರೆ. 2008ರಲ್ಲಿ ವಿಜೇಂದರ್ ಸಿಂಗ್‌ಗೂ 2012ರಲ್ಲಿ ಮೇರಿ ಕೋಮ್‌ಗೂ ಬಂದ ಕಂಚು ಇಂಥದೇ. ಕುಸ್ತಿಯ ಮಾತು ಬೇರೆ. ಚಿತ್ ಆದ ಹುಡುಗ ಎದ್ದು, ಬೆನ್ನಿಗಂಟಿದ ಕೆಮ್ಮಣ್ಣು ಕೊಡವಿಕೊಂಡು, ಒಂದು ಗಂಟೆಯ ಮೇಲೆ ಮತ್ತೆ ತೊಡೆ ತಟ್ಟಬಲ್ಲ. ಮುಷ್ಟಿಯುದ್ಧದವರು ಅಗತ್ಯದಿಂದ ಮಾಡಿದ್ದನ್ನು ನಾವು ಕುಸ್ತಿಯಲ್ಲಿ ಸುಮ್ಮನೆ ನಕಲು ಮಾಡಿದ್ದೇವೆ.

ನಕಲು ಎಂದೆ. ಕುಸ್ತಿಯ ದೊಡ್ಡ ಕಣಗಳಲ್ಲಿ ಏನು ನಡೆಯುತ್ತದೆಂದು ನಮ್ಮ ಸಮಿತಿಗಳು ನೋಡಿದ್ದರೆ ಈ ನಕಲು ಬರುತ್ತಿರಲಿಲ್ಲ.

ಸ್ವತಂತ್ರ ಭಾರತಕ್ಕೆ ಮೊಟ್ಟಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದವರು ನಮ್ಮ ನೆರೆಯ ಕರಾಡದ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವ್. 1952ರ ಹೆಲ್ಸಿಂಕಿ. ಪ್ರಯಾಣದ ಹಣಕ್ಕಾಗಿ ಅವರ ಕಾಲೇಜಿನ ಪ್ರಿನ್ಸಿಪಾಲರು ತಮ್ಮ ಮನೆಯನ್ನೇ ಒತ್ತೆಯಿಟ್ಟ ಕಥೆ ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತಿಲ್ಲದ್ದು, ಜಾಧವ್ ಅಲ್ಲಿ ಎರಡು ಕುಸ್ತಿ ಸೋತರೆಂಬುದು. ಚಿನ್ನ ಗೆದ್ದ ಜಪಾನಿನ ಇಷಿಯನ್ನೂ ಬೆಳ್ಳಿ ಗೆದ್ದ ಸೋವಿಯತ್ ಮಲ್ಲನನ್ನೂ ಎದುರಿಸಿ ಸೋತು, ಉಳಿದವರನ್ನು ಗೆದ್ದು, ಮೂರನೆಯವರಾದರು. ಆಗಿನ ಪದ್ಧತಿಯಲ್ಲಿ ಸೋತವನಿಗೆ ದಂಡದ ಅಂಕಗಳು ಬೀಳುತ್ತಿದ್ದವು. ಅವು ಒಂದು ಮಿತಿ ಮುಟ್ಟಿದಾಗ ಮಾತ್ರ ಹೊರಗೆ. ಒಂದು ಸೋಲಿಗೇ ಮನೆಗೆ ಕಳುಹಿಸುವ ನಿಯಮವಿದ್ದು, ಇಷಿಯ ಚೀಟಿ ಮೊದಲ ಸುತ್ತಿನಲ್ಲೇ ಬಂದಿದ್ದರೆ ಪ್ರಿನ್ಸಿಪಾಲರ ಮನೆಯ ಒತ್ತೆಯ ಹಣಕ್ಕೆ ಒಂದು ಕುಸ್ತಿ ಸಿಗುತ್ತಿತ್ತು.

ಅಲ್ಲಿಂದ 56 ವರ್ಷ ನಮಗೆ ಕುಸ್ತಿಯಲ್ಲಿ ಪದಕವಿಲ್ಲ. 2008ರಲ್ಲಿ ಬೀಜಿಂಗಿನಲ್ಲಿ ಸುಶೀಲ್ ಕುಮಾರ್ ಕಂಚು ತಂದರು. ಅವರು ಮೊದಲನೆಯ ಕುಸ್ತಿಯನ್ನೇ ಯುಕ್ರೇನಿನ ಸ್ಟಾಡ್ನಿಕ್‌ಗೆ ಸೋತಿದ್ದರು. ನಮ್ಮ ಜಾತ್ರೆಯ ನಿಯಮದಲ್ಲಿ ಅಂಗಿ ತೊಟ್ಟು ಹೊರಗೆ ಕುಳಿತಿರಬೇಕು. ಅಲ್ಲಿ 'ರೆಪಶಾಜ್' ಎಂಬ ಏರ್ಪಾಡಿತ್ತು, ಇಂದಿಗೂ ಇದೆ: ಫೈನಲಿಗೆ ಹೋದವನಿಂದ ಸೋತವರನ್ನು ಮತ್ತೆ ಕರೆದು ಕಂಚಿಗಾಗಿ ಆಡಿಸುತ್ತಾರೆ. ಅದರ ನ್ಯಾಯ ಸರಳ. ಕೊನೆಯವರೆಗೆ ಹೋದವನ ಕೈಯಲ್ಲಿ ಬಿದ್ದವನು ಚೀಟಿಯಿಂದ ಬಿದ್ದಿರಬಹುದು. ಅವನಿಗೆ ಇನ್ನೊಮ್ಮೆ ತೋರಿಸಿಕೊಳ್ಳಲು ಬಿಡಬೇಕು. ಸ್ಟಾಡ್ನಿಕ್ ಫೈನಲಿಗೆ ಹೋದ, ಸುಶೀಲ್ ಹಿಂದಕ್ಕೆ ಬಂದು ಮೂರು ಕುಸ್ತಿ ಗೆದ್ದರು. 2012ರಲ್ಲಿ ಯೋಗೇಶ್ವರ್ ದತ್, 2016ರಲ್ಲಿ ಸಾಕ್ಷಿ ಮಲಿಕ್. ಇಬ್ಬರೂ ನಡುವೆ ಸೋತು, ಇದೇ ಬಾಗಿಲಿನಿಂದ ಒಳಗೆ ಬಂದು ಕಂಚು ಗೆದ್ದವರು. ಸಾಕ್ಷಿ ಕಂಚಿನ ಕುಸ್ತಿಯಲ್ಲಿ ಸೊನ್ನೆಗೆ ಐದು ಹಿಂದಿದ್ದು ಎಂಟಕ್ಕೆ ಐದು ಗೆದ್ದರು. ಎರಡನೆಯ ಅವಕಾಶದಿಂದ ಛಲ ಸಾಯುತ್ತದೆನ್ನುವ ಮೇಷ್ಟ್ರು ಆ ಕುಸ್ತಿಯ ಚಿತ್ರವನ್ನು ಒಮ್ಮೆ ನೋಡಬೇಕು.

2024ರ ಪ್ಯಾರಿಸ್ ಇನ್ನೂ ಹಸಿಯಾಗಿದೆ. ವಿನೇಶ್ ಫೋಗಟ್ ನೂರು ಗ್ರಾಂ ತೂಕಕ್ಕೆ ಫೈನಲ್ ಕಳೆದುಕೊಂಡದ್ದನ್ನು ಕುರಿತು ನಾವೆಲ್ಲ ಅತ್ತೆವು. ಆ ಗದ್ದಲದಲ್ಲಿ ಇನ್ನೊಬ್ಬಳನ್ನು ಗಮನಿಸಿದವರು ಕಡಿಮೆ. ವಿನೇಶ್ ಮೊದಲ ಸುತ್ತಿನಲ್ಲಿ ಸೋಲಿಸಿದ ಜಪಾನಿನ ಯುಯಿ ಸುಸಾಕಿ ಹಿಂದಿನ ಒಲಿಂಪಿಕ್ಸಿನ ಚಿನ್ನದ ಹುಡುಗಿ. ಪರದೇಶದವರ ಕೈಯಲ್ಲಿ ಅದುವರೆಗೆ ಸೋತವಳೇ ಅಲ್ಲ. ಕಡೆಯ ಕ್ಷಣಗಳಲ್ಲಿ ಎರಡಕ್ಕೆ ಮೂರು ಸೋತಳು. ಮಾರನೆಯ ದಿನ ರೆಪಶಾಜಿನಲ್ಲಿ ಬಂದು ಕಂಚು ಗೆದ್ದು ಹೋದಳು. ಲೋಕದ ಅತ್ಯುತ್ತಮ ಮಲ್ಲೆಗೆ ಅಗತ್ಯವಾದ ಎರಡನೆಯ ಅವಕಾಶವು ಚನ್ನಗಿರಿ ತಾಲ್ಲೂಕಿನ ಹದಿನಾರರ ಹುಡುಗನಿಗೆ ಅನಗತ್ಯವೆಂದು ನಿರ್ಧರಿಸಿದವರು ಯಾರು?

ನಗರದ ಓದುಗರು ಕುಸ್ತಿಗಿಂತ ಕ್ರಿಕೆಟ್ ಬಲ್ಲವರು. ಅವರಿಗಾಗಿ ಒಂದು ಮಾತು. ರಣಜಿ ಟ್ರೋಫಿ 1934ರಲ್ಲಿ ಆರಂಭವಾದಾಗ ಅದೂ ನಾಕೌಟೇ. ಒಂದು ಪಂದ್ಯ ಸೋತ ರಾಜ್ಯ ಆ ವರ್ಷಕ್ಕೆ ಮುಗಿಯಿತು. ಹೊಸ ಹುಡುಗನೊಬ್ಬ ವರ್ಷಕ್ಕೆ ಒಂದು ಪಂದ್ಯ ಆಡಿ ಮನೆಯಲ್ಲಿ ಕುಳಿತುಕೊಳ್ಳಬೇಕು. 1957-58ರಲ್ಲಿ ವಲಯವಾರು ಲೀಗ್ ತಂದರು. ಕ್ರಿಕೆಟಿನವರು ಅಷ್ಟು ಹಿಂದೆಯೇ ಕಂಡದ್ದು ನಮ್ಮ ಶಾಲಾ ಕ್ರೀಡಾಕೂಟಗಳಿಗೆ ಇನ್ನೂ ಕಂಡಿಲ್ಲ. ಹೋಬಳಿ ಮಟ್ಟದ ಕಬಡ್ಡಿ, ಖೋಖೋ ನೋಡಿ. ಎರಡು ತಿಂಗಳು ಸಂಜೆ ಸಂಜೆ ಅಭ್ಯಾಸ ಮಾಡಿದ ಮಕ್ಕಳು ಟೆಂಪೋದಲ್ಲಿ ನಿಂತು ಬಂದು, ಹತ್ತು ಗಂಟೆಗೆ ಮೊದಲ ಪಂದ್ಯ ಸೋತು, ಮಧ್ಯಾಹ್ನದ ಚಿತ್ರಾನ್ನ ತಿಂದು, ಉಳಿದ ದಿನವೆಲ್ಲ ಬೇರೆಯವರ ಆಟ ನೋಡಿ ಹಿಂತಿರುಗುತ್ತಾರೆ.

ಇಷ್ಟಾದ ಮೇಲೆ ಬರುವ ಆಕ್ಷೇಪಣೆ ಸಮಯದ್ದು. ಸಮಿತಿಯ ಹಿರಿಯರು ನನಗೆ ಅದನ್ನೇ ಹೇಳಿದರು: "ಎಲ್ಲಾ ಸರಿ ಸ್ವಾಮಿ, ಹೊತ್ತು ಮುಳುಗೋದ್ರೊಳಗೆ ಮುಗೀಬೇಕಲ್ಲ?" ನಾನು ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದೆ. ಎಂಟು ಹುಡುಗರ ನಾಕೌಟಿಗೆ ಏಳು ಕುಸ್ತಿ. ಅದಕ್ಕೆ ರೆಪಶಾಜ್ ಸೇರಿಸಿದರೆ ಹೆಚ್ಚಾಗುವುದು ಎರಡೇ ಕುಸ್ತಿ: ಫೈನಲಿನ ಇಬ್ಬರಲ್ಲಿ ಪ್ರತಿಯೊಬ್ಬನೂ ದಾರಿಯಲ್ಲಿ ಇಬ್ಬಿಬ್ಬರನ್ನು ಸೋಲಿಸಿರುತ್ತಾನೆ, ಆ ಇಬ್ಬಿಬ್ಬರನ್ನು ತಮ್ಮ ತಮ್ಮಲ್ಲಿ ಆಡಿಸಿ ಎರಡು ಕಂಚು ಕೊಟ್ಟರಾಯಿತು. ಈ ವಯಸ್ಸಿನವರ ಕುಸ್ತಿ ಎರಡೆರಡು ನಿಮಿಷದ ಎರಡು ಸುತ್ತು, ನಡುವೆ ಅರ್ಧ ನಿಮಿಷ. ಎದ್ದು ಕೂರುವುದು, ಕೈ ಎತ್ತಿಸುವುದು, ಅಂಕದ ಜಗಳ ಎಲ್ಲ ಸೇರಿಸಿದರೂ ಎರಡು ಕುಸ್ತಿಗೆ ಕಾಲು ಗಂಟೆ. ಆ ದಿನ ನಮ್ಮ ಕಣದಲ್ಲಿ ಶಾಲು ಹೊದಿಸುವುದಕ್ಕೂ ಹಾರ ಹಾಕುವುದಕ್ಕೂ, ಹಾರ ಹಾಕಿಸಿಕೊಂಡವರು ಎರಡು ಮಾತನಾಡುವುದಕ್ಕೂ ಹಿಡಿದದ್ದು ಐವತ್ತು ನಿಮಿಷ. ಗಡಿಯಾರ ನನ್ನ ಕೈಯಲ್ಲಿತ್ತು.

ನಾಚಿಕೆಯ ಸಂಗತಿ ಇನ್ನೊಂದಿದೆ. ಅದೇ ದಿನ ಮತ್ತೊಂದು ತೂಕದಲ್ಲಿ ಹೆಸರು ಕೊಟ್ಟವರು ಐದೇ ಮಂದಿ. ಅವರಿಗೂ ನಾಕೌಟ್! ಐದಕ್ಕೆ ಲೆಕ್ಕ ಹೊಂದದೆ ಮೂವರಿಗೆ 'ಬೈ' ಕೊಟ್ಟೆವು. ಕನ್ನಡದಲ್ಲಿ ಬೈ ಎಂದರೆ ಅರ್ಥ ಬೇರೆ. ಅದು ದೊರೆತವನನ್ನು ದೊರೆಯದವರು ಬೈಯುವುದೂ ನಡೆಯಿತು. ಆ ಮೂವರಲ್ಲಿ ಒಬ್ಬನಿಗೆ ಮುಂದಿನ ಸುತ್ತಿನ ಎದುರಾಳಿ ಮೊಣಕಾಲು ಉಳುಕಿಸಿಕೊಂಡು ಬರಲಿಲ್ಲ. ಹುಡುಗ ಕಣಕ್ಕೆ ಕಾಲಿಡದೆ ಫೈನಲಿಗೆ ಬಂದ. ಅಲ್ಲಿ ಒಂದು ಕುಸ್ತಿ ಸೋತು ಎರಡನೆಯ ಬಹುಮಾನ ಹಿಡಿದು ನಡೆದ. ಗೆಲವೊಂದೂ ಇಲ್ಲದ ಬೆಳ್ಳಿ ಪದಕ. ಅಂತರರಾಷ್ಟ್ರೀಯ ಕುಸ್ತಿಯ ನಿಯಮ ಪುಸ್ತಕದಲ್ಲಿ ಇದಕ್ಕೆ ಸ್ಪಷ್ಟವಾದ ಅಪ್ಪಣೆಯಿದೆ: ಒಂದು ತೂಕದಲ್ಲಿ ಐದು ಅಥವಾ ಅದಕ್ಕಿಂತ ಕಡಿಮೆ ಮಂದಿ ಇದ್ದರೆ ಪ್ರತಿಯೊಬ್ಬನೂ ಪ್ರತಿಯೊಬ್ಬನೊಡನೆ ಆಡಬೇಕು. ಐದು ಜನರಿಗೆ ಹತ್ತು ಕುಸ್ತಿ, ಒಬ್ಬೊಬ್ಬನಿಗೆ ನಾಲ್ಕು. ದೊಡ್ಡವರಿಗೆ ಒಂದೇ ದಿನ ನಾಲ್ಕು ಹೆಚ್ಚಾದೀತು. ಹುಡುಗರಿಗೆ ಎರಡು ದಿನದ ಜಾತ್ರೆಯಲ್ಲಿ ದಿನಕ್ಕೆ ಎರಡು ಹೆಚ್ಚಲ್ಲ. ನಮ್ಮ ಜಾತ್ರೆ ಮೂರು ದಿನದ್ದು.

ಎಲ್ಲರೂ ಎಲ್ಲರೊಡನೆ ಆಡುವ ಏರ್ಪಾಡಿಗೂ ರೋಗ ತಗಲುತ್ತದೆ. ಅದನ್ನು ಮುಚ್ಚಿಟ್ಟು ವಾದಿಸುವುದು ಸರಿಯಲ್ಲ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಬ್ಯಾಡ್ಮಿಂಟನ್ನಿಗೆ ಮೊದಲ ಬಾರಿಗೆ ಗುಂಪು ಹಂತ ತಂದಾಗ ಏನಾಯಿತು? ಮುಂದಿನ ಸುತ್ತಿನಲ್ಲಿ ಬಲವಾದ ಎದುರಾಳಿಯನ್ನು ತಪ್ಪಿಸಿಕೊಳ್ಳಲು ಮಹಿಳಾ ಡಬಲ್ಸಿನ ನಾಲ್ಕು ಜೋಡಿಗಳು ಬೇಕೆಂದೇ ಸೋಲಲು ಹವಣಿಸಿ, ಸರ್ವಿಸನ್ನು ಬಲೆಗೆ ಹೊಡೆದು, ಸ್ಪರ್ಧೆಯಿಂದಲೇ ಹೊರದೂಡಿಸಿಕೊಂಡವು. ನಾಕೌಟಿನಲ್ಲಿ ಇಂಥದು ಸಾಧ್ಯವಿಲ್ಲ. ಸೋಲಬಯಸುವವನಿಗೆ ಅಲ್ಲಿ ಲಾಭವೇನೂ ಇಲ್ಲ. ಒಪ್ಪಿದೆ. ಆದುದರಿಂದಲೇ ದೊಡ್ಡ ಪಟ್ಟಿಗೆ ನಾನು ಕೇಳುವುದು ರೆಪಶಾಜನ್ನು, ಗುಂಪನ್ನಲ್ಲ. ರೆಪಶಾಜಿನಲ್ಲಿ ಬೇಕೆಂದು ಸೋತು ಗಳಿಸುವುದೇನೂ ಇಲ್ಲ, ಚಿನ್ನದ ದಾರಿ ಮುಚ್ಚಿಯೇ ಹೋಗುತ್ತದೆ. ಐವರ ಚಿಕ್ಕ ಗುಂಪಿಗೆ ಮುಂದಿನ ಸುತ್ತೇ ಇಲ್ಲ. ಹಾಗಿರುವಾಗ ಯಾರನ್ನು ತಪ್ಪಿಸಿಕೊಳ್ಳಲು ಯಾರು ಸೋಲಬೇಕು? ಜೊತೆಯವನಿಗೆ ಉಪಕಾರ ಮಾಡಲು ಬಿದ್ದಾನು ಎನ್ನಬಹುದು. ಬಿದ್ದರೆ ಅವನ ಉಸ್ತಾದರಿಗೆ ತಿಳಿಯದೇ ಇರುವುದಿಲ್ಲ. ತಿಳಿದ ಮೇಲೆ ಗರಡಿಯಲ್ಲಿ ಎಷ್ಟು ಬಸ್ಕಿ ಹೊಡೆಸುತ್ತಾರೆಂಬುದು ಗರಡಿಯವರಿಗೇ ಗೊತ್ತು.

ಮೇಷ್ಟ್ರ ಕೊನೆಯ ಮಾತೊಂದು ಉಳಿದಿದೆ. "ಜನಕ್ಕೆ ಬೇಕಾದ್ದು ಗದೆ ಹಿಡಿದು ನಿಂತ ಒಬ್ಬ. ಕಂಚಿನವನನ್ನು ನೋಡೋಕೆ ಯಾರೂ ಬರೋದಿಲ್ಲ" ಎಂದರು. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆಯ ಬಯಲು ಕುಸ್ತಿಗೆ ಸೇರುವ ಜನವನ್ನು ಅವರೂ ನೋಡಿದ್ದಾರೆ, ನಾನೂ ನೋಡಿದ್ದೇನೆ. ಗದೆಯ ಕುಸ್ತಿಗೆ ಜನ ಎದ್ದು ನಿಲ್ಲುವುದು ಸುಳ್ಳಲ್ಲ. ಆದರೆ ಉರಿಬಿಸಿಲಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ಮಧ್ಯಾಹ್ನದಿಂದ ಕೂತವರು ಗದೆಯವನೊಬ್ಬನಿಗಾಗಿ ಕೂತವರಲ್ಲ. ತಮ್ಮೂರಿನ ಹುಡುಗ, ತಮ್ಮ ಗರಡಿಯ ಹುಡುಗ, ಅಕ್ಕನ ಮಗನ ಜೊತೆ ಓದುವ ಹುಡುಗ ಯಾವಾಗ ಇಳಿಯುತ್ತಾನೆಂದು ಕಾಯುವವರು. ಅವನು ಮೊದಲ ಕುಸ್ತಿಯಲ್ಲೇ ಹೊರಬಿದ್ದರೆ ಅವರೂ ಎದ್ದು ಕಬ್ಬಿನಹಾಲಿನ ಗಾಡಿಯ ಕಡೆ ಹೋಗುತ್ತಾರೆ. ನಮ್ಮ ಕಣದಲ್ಲಿ ಫೈನಲಿನ ಹೊತ್ತಿಗೆ ಅರ್ಧ ಹುಲ್ಲು ಖಾಲಿಯಿತ್ತು. ನಮ್ಮ ಹುಡುಗ ಕಂಚಿಗಾಗಿ ಇಳಿಯುವುದಿದ್ದರೆ ಇಡೀ ಊರು ಕಾದಿರುತ್ತಿತ್ತು.

ಸಮಿತಿಯವರು ಈ ವರ್ಷವೂ ಕರೆ ಕಳುಹಿಸಿದ್ದಾರೆ. ಲೆಕ್ಕದ ಕಾಗದವನ್ನು ಮತ್ತೊಮ್ಮೆ ಕೊಟ್ಟು ಬಂದಿದ್ದೇನೆ. "ನೋಡೋಣ ಸ್ವಾಮಿ" ಎಂದಿದ್ದಾರೆ. ಎಂಟು ಮಂದಿಯ ಪಟ್ಟಿಗೆ ಕೆಳಗಡೆ ಎರಡು ಕಂಚಿನ ಕುಸ್ತಿ ಬರೆದಿದ್ದರೆ ಚೀಟಿ ಎತ್ತುತ್ತೇನೆ. ಐದು ಮಂದಿಯ ಪಟ್ಟಿಗಾದರೆ ಚೊಂಬಿಗೆ ಕೈ ಹಾಕುವುದಿಲ್ಲ. ಹುಡುಗನ ತಂದೆಯನ್ನು ಮೊನ್ನೆ ಸಂತೆಯಲ್ಲಿ ಕಂಡೆ. ಕುಸ್ತಿಯ ಮಾತೆತ್ತಿದೆ. ಮಗ ಈಗ ಅಡಿಕೆ ಸುಲಿಯುವುದರಲ್ಲಿ ತನಗಿಂತ ಚುರುಕು ಎಂದರು.